ವೆನ್ಲಾಳ ಬಿಲ್ಲೆ ತಿರುಗಿಸಿದವರು

ಇಲ್ಕಾ ಕೈಚಾಚಿ ವೆನ್ಲಾಳ ಬಿಲ್ಲೆಯನ್ನು ತಿರುಗಿಸಿದ್ದನ್ನು ನಾನು ನೋಡಿದೆ. ನೋಡಿ ಸುಮ್ಮನಿದ್ದೆ. ಸುಮ್ಮನಿದ್ದೆ ಎಂದರೂ ಪೂರ್ತಿ ನಿಜವಾಗುವುದಿಲ್ಲ, ಮುಗುಳ್ನಕ್ಕೆ. ಆ ನಗೆಯನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ನವೆಂಬರ್ ತಿಂಗಳ ಕೊನೆಯ ಶನಿವಾರ ಅದು. ಕುರ್ಕಿ ಸರೋವರ ಪೂರ್ತಿ ಹೆಪ್ಪುಗಟ್ಟುವ ಮುಂಚೆ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಮುಳುಗುವ ನಮ್ಮ ಸಂಘದವರು ವರ್ಷದ ಕೊನೆಯ ಬಾರಿಗೆ ನೀರಿಗಿಳಿಯುವ ದಿನ. ಹೊರಗೆ ಸೊನ್ನೆಗಿಂತ ಒಂಬತ್ತು ಡಿಗ್ರಿ ಕೆಳಗೆ, ನೀರಿನಲ್ಲಿ ಮೂರು ಡಿಗ್ರಿ. ಜೊಂಡು ಬೆಳೆದ ಕೊಲ್ಲಿಯಲ್ಲಿ ಆಗಲೇ ತೆಳುವಾದ ಮಂಜುಗಡ್ಡೆ ಕೂತಿತ್ತು. ಮರದ ದಕ್ಕೆಯ ಮುಂದಿನ ನೀರು ಮಾತ್ರ ಕಪ್ಪಗೆ ತೆರೆದುಕೊಂಡಿತ್ತು.

ನಾನು ಮುಳುಗುವವಳಲ್ಲ. ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೆ ಹನ್ನೊಂದು ವರ್ಷದಿಂದ ದಡದ ಹಲಗೆಯನ್ನು ನೋಡಿಕೊಳ್ಳುತ್ತಿದ್ದೇನೆ. ಹಲಗೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮರದ ಬಿಲ್ಲೆ. ಒಂದು ಮುಖ ಕೆಂಪು, ಇನ್ನೊಂದು ಬಿಳಿ. ನೀರಿಗಿಳಿಯುವವರು ತಮ್ಮ ಬಿಲ್ಲೆಯನ್ನು ಕೆಂಪಿಗೆ ತಿರುಗಿಸಿ ಹೋಗುತ್ತಾರೆ, ಮೇಲೆ ಬಂದವರು ಮೊದಲು ಬಿಳಿಗೆ ತಿರುಗಿಸಿ ಆಮೇಲೆ ಉಳಿದ ಕೆಲಸ ನೋಡುತ್ತಾರೆ. ಅವರವರ ಬಿಲ್ಲೆಯನ್ನು ಅವರವರೇ ತಿರುಗಿಸಬೇಕು. ಗಂಡ ಹೆಂಡತಿಯದನ್ನು ಮುಟ್ಟುವ ಹಾಗಿಲ್ಲ, ಅಪ್ಪ ಮಗಳದನ್ನು ಮುಟ್ಟುವ ಹಾಗಿಲ್ಲ. ನಲವತ್ತೈದು ನಿಮಿಷ ದಾಟಿದ ಮೇಲೂ ಒಂದು ಬಿಲ್ಲೆ ಕೆಂಪಗೇ ಇದ್ದರೆ ನಾನು ಗಂಟೆ ಬಾರಿಸಬೇಕು. ನನ್ನ ಕೆಲಸ ಅಷ್ಟೇ. ಅಷ್ಟನ್ನೂ ನಾನು ಆ ದಿನ ಮಾಡಲಿಲ್ಲ.

ಆರು ಜನ ಬಂದಿದ್ದರು, ಮೂರು ಜೋಡಿ. ಸಂಘದ ಮುಖ್ಯಸ್ಥ ರೈಮೋ, ಅಗ್ನಿಶಾಮಕ ದಳದಲ್ಲಿದ್ದವನು. ಅವನ ಜೊತೆಗೆ ಓಯಿವಾ, ನನ್ನ ಹಳೆಯ ವಿದ್ಯಾರ್ಥಿ. ಹಾಪಲಾ ಮನೆತನದ ಅಣ್ಣತಮ್ಮಂದಿರಿಬ್ಬರು ಇನ್ನೊಂದು ಜೋಡಿ. ಮೂರನೆಯದು ಇಲ್ಕಾ ಮತ್ತು ವೆನ್ಲಾ. ವೆನ್ಲಾ ಬೇಕರಿಯಲ್ಲಿ ಕೆಲಸ ಮಾಡುವ ಇಪ್ಪತ್ತನಾಲ್ಕರ ಹುಡುಗಿ. ಚಳಿಗಾಲದ ನೀರಿಗೆ ಇದೇ ಮೊದಲು ಇಳಿಯುತ್ತಿದ್ದಳು. ಬರುವಾಗ ಇನ್ನೂ ಬಿಸಿ ಆರದ ರೈ ರೊಟ್ಟಿಯನ್ನು ಟವೆಲ್ಲಿನಲ್ಲಿ ಸುತ್ತಿ ತಂದು, "ಟೀಚರ್, ಮೊದ್ಲು ಇದನ್ನ ತೊಡೆ ಮೇಲೆ ಇಟ್ಕೊಳ್ಳಿ, ಬೆಚ್ಚಗಿರತ್ತೆ. ಆಮೇಲೆ ಕುಯ್ಯೋಣ," ಎಂದು ನನ್ನ ಮಡಿಲಿಗೆ ಇಟ್ಟಿದ್ದಳು.

ಇಲ್ಕಾನ ಬಗ್ಗೆ ಹೇಳಬೇಕೆಂದರೆ, ಸಂಘದಲ್ಲಿ ಅವನಷ್ಟು ಉಪಕಾರಿ ಇನ್ನೊಬ್ಬನಿಲ್ಲ. ನನ್ನ ಸೂಪಿನ ಪಾತ್ರೆಯನ್ನು ಕಾರಿನಿಂದ ಹೊತ್ತು ತರುವವನು ಅವನು. ಯಾರ ಕೈಗವಸು ಹರಿದಿದ್ದರೂ ತನ್ನದನ್ನು ಬಿಚ್ಚಿ ಕೊಡುವವನು ಅವನು. ಇದನ್ನೆಲ್ಲ ವರ್ಷಗಟ್ಟಲೆ ಗಮನಿಸಿ, ಮನಸ್ಸಿನಲ್ಲೇ ಅವನಿಗೆ ಅಂಕ ಕೊಟ್ಟವಳು ನಾನು.

"ಟೀಚರ್, ಸೂಪಿಗೆ ಉಪ್ಪು ಹಾಕಿದೀರಾ, ಇಲ್ಲಾ ಹೋದ ವರ್ಷದ ಹಾಗೆ ನಮ್ ಕಣ್ಣೀರೇ ಸುರ್ಕೋಬೇಕಾ?" ಎಂದು ಓಯಿವಾ ಕೆಣಕಿದ.

"ಒಂಬತ್ತನೇ ಕ್ಲಾಸಲ್ಲಿ ಕಪ್ಪೆ ಕುಯ್ಯುವಾಗ ಅತ್ತಿದ್ಯಲ್ಲ, ಅದರಲ್ಲೇ ಒಂದು ಲೋಟ ಎತ್ತಿಟ್ಟಿದ್ದೀನಿ," ಎಂದೆ. ವೆನ್ಲಾ ನಕ್ಕಳು. ಆದರೆ ತುಟಿ ಬಿಳಿಚಿಕೊಂಡಿತ್ತು.

ಅದನ್ನು ನೋಡಿದ ಇಲ್ಕಾ, ಸಿಲಿಂಡರಿನ ಗಾಳಿಯನ್ನು ಬಾಯಿಗೆ ತರುವ ತನ್ನ ಉಸಿರುನಳಿಗೆಯನ್ನು ಬಾಯಿಗಿಟ್ಟು ಎರಡು ಸಲ ಎಳೆದು, ಗುಂಡಿ ಒತ್ತಿ ಬುಸ್ಸೆನ್ನಿಸಿ ತೋರಿಸಿದ. "ನೋಡು, ಎಷ್ಟು ಸಲೀಸು. ಹೆದ್ರೋಂಥದ್ದೇನೂ ಇಲ್ಲ."

"ಎಷ್ಟು ಸಲ ಬಡ್ಕೋಬೇಕೋ ನಿಂಗೆ," ಎಂದು ರೈಮೋ ಗದರಿದ. "ಈ ಚಳೀಲಿ ದಡದ ಮೇಲೆ ಒತ್ಬೇಡ. ನಿನ್ನ ಉಸಿರಿನ ತೇವಾನೇ ಒಳಗೆ ಗಡ್ಡೆ ಕಟ್ಕೊಳ್ಳತ್ತೆ."

"ಒಂದೇ ಸಲ ಮಾರಾಯ. ಹುಡುಗಿಗೆ ಧೈರ್ಯ ಬರ್ಲಿ ಅಂತ."

ಹನ್ನೆರಡು ಗಂಟೆಗೆ ಅಣ್ಣತಮ್ಮಂದಿರು ಇಳಿದರು. ಹತ್ತು ನಿಮಿಷ ಬಿಟ್ಟು ಇಲ್ಕಾ ಮತ್ತು ವೆನ್ಲಾ, ಅವರ ಹಿಂದೆಯೇ ರೈಮೋ ಮತ್ತು ಓಯಿವಾ. ದಕ್ಕೆಯಿಂದ ಐವತ್ತು ಮೀಟರ್ ಆಚೆ, ಹದಿನಾಲ್ಕು ಮೀಟರ್ ಆಳದಲ್ಲಿ, ಮರದ ದಿಮ್ಮಿ ಎಳೆಯುತ್ತಿದ್ದ ಕಾಲದ ಒಂದು ಉಗಿದೋಣಿ ಮಲಗಿದೆ. ಎಲ್ಲರೂ ಹೋಗುವುದು ಅಲ್ಲಿಗೇ. ತೇಲುಗುಂಡಿನಿಂದ ಇಳಿಬಿಟ್ಟ ಹಗ್ಗ ಹಿಡಿದು ಇಳಿಯುವುದು, ಅದೇ ಹಗ್ಗ ಹಿಡಿದು ಏರುವುದು.

ಹನ್ನೆರಡೂ ಇಪ್ಪತ್ತನಾಲ್ಕಕ್ಕೆ ಇಲ್ಕಾ ಒಬ್ಬನೇ ಮೇಲೆ ಬಂದ. ಅವನ ನಳಿಗೆ ನೀರೊಳಗೆ ಹೆಪ್ಪುಗಟ್ಟಿ, ಗಾಳಿ ನಿಲ್ಲದೆ ಸುರಿದುಹೋಗಿತ್ತು. ದಕ್ಕೆ ಹತ್ತಿ ಕೆಮ್ಮುತ್ತಾ ಕೂತ.

"ವೆನ್ಲಾ ಎಲ್ಲಿ?" ಎಂದೆ.

"ಹಿಂದೇನೇ ಇದಾಳೆ ಟೀಚರ್. ಅಗೋ, ಹಗ್ಗದ ಹತ್ರ ಗುಳ್ಳೆ ಬರ್ತಿಲ್ವಾ? ಮೇಲಕ್ಕೆ ಅಂತ ಕೈ ತೋರ್ಸಿದೀನಿ."

ಗುಳ್ಳೆಗಳು ಬರುತ್ತಿದ್ದದ್ದು ನಿಜ. ಅವನು ತನ್ನ ಬಿಲ್ಲೆಯನ್ನು ತಿರುಗಿಸಿದ. ಆಮೇಲೆ, ಅದೇ ಕೈಯಿಂದ, ಅವಳದನ್ನೂ ತಿರುಗಿಸಿದ. "ಪಾಪ, ಅವಳ ಕೈ ಮರಗಟ್ಟಿರತ್ತೆ. ನೆಟ್ಟಗೆ ಹೋಗಿ ಬೆಂಕಿ ಹತ್ರ ಕೂತ್ಕೊಳ್ಳಲಿ," ಎಂದ.

ಆಗಲೇ ನಾನು ನಕ್ಕದ್ದು. ಎಷ್ಟು ಒಳ್ಳೆಯ ಹುಡುಗ ಅಂದುಕೊಂಡೆ. ಬಿಲ್ಲೆಗಳೆಲ್ಲ ಬೆಳ್ಳಗಾಗುತ್ತಿದ್ದವು. ಅಣ್ಣತಮ್ಮಂದಿರು ಮೇಲೆ ಬಂದು, ಹಬೆಯಲ್ಲಿ ಮೈ ಕಾಯಿಸುವ ಮರದ ಕೋಣೆ ಸೌನಾಕ್ಕೆ ಓಡಿದರು. ಇನ್ನುಳಿದವರು ರೈಮೋ ಮತ್ತು ಓಯಿವಾ, ಅವರಿಬ್ಬರೂ ಇಪ್ಪತ್ತು ವರ್ಷದಿಂದ ಮುಳುಗುತ್ತಿರುವ ಹುಲಿಗಳು. ನಾನು ಸೂಪು ತಳ ಹಿಡಿದೀತೆಂದು ದಡದ ಅಡುಗೆ ಗುಡಿಸಲಿಗೆ ಹೋದೆ.

ಬಟ್ಟಲುಗಳಿಗೆ ಬಟಾಣಿ ಸೂಪು ಬಡಿಸುವಾಗ ಒಂದು ಗಂಟೆ ದಾಟಿತ್ತು. ರೈಮೋ, ಓಯಿವಾ ಬಂದು ಬಟ್ಟೆ ಬದಲಿಸಿಯಾಗಿತ್ತು. ಇಲ್ಕಾ ರೊಟ್ಟಿಗೆ ಬೆಣ್ಣೆ ಸವರುತ್ತಿದ್ದ. ನಾನು ವೆನ್ಲಾಳನ್ನು ಕರೆಯಲು ಸೌನಾದ ಬಾಗಿಲಿಗೆ ಹೋದೆ. ಅಲ್ಲಿ ಗೋಡೆಗೆ ಒರಗಿಸಿದ್ದ ಅವಳ ಉಣ್ಣೆಯ ಬೂಟುಗಳ ಒಳಗೆ ಬೆಳ್ಳನೆ ಇಬ್ಬನಿ ಹೆಪ್ಪುಗಟ್ಟಿತ್ತು. ಯಾರೂ ಅವುಗಳೊಳಗೆ ಕಾಲಿಟ್ಟಿರಲಿಲ್ಲ.

"ವೆನ್ಲಾ ಒಳಗಿದಾಳೇನ್ರೋ?" ಎಂದು ಬಾಗಿಲು ಬಡಿದೆ.

"ಇಲ್ಲ ಟೀಚರ್. ನಿಮ್ ಹತ್ರ ಸೂಪು ಕುಡೀತಿರ್ಬೇಕು," ಎಂದಿತು ಒಳಗಿನಿಂದ ಒಂದು ದನಿ.

ಗಂಟೆಯ ಹಗ್ಗವನ್ನು ನಾನು ಹೇಗೆ ಎಳೆದೆನೋ ತಿಳಿಯದು. ರೈಮೋ ಚಮಚ ಹಿಡಿದುಕೊಂಡೇ ಓಡಿ ಬಂದ. ಹಲಗೆ ನೋಡಿದ. ಆರೂ ಬಿಲ್ಲೆ ಬಿಳಿ.

"ಎಲ್ಲಾ ಮೇಲೆ ಬಂದಿದಾರಲ್ಲ, ಯಾಕೆ ಗಂಟೆ?"

"ವೆನ್ಲಾ ಬಂದಿಲ್ಲ."

"ಬಿಲ್ಲೆ ಬಿಳಿ ಇದೆ."

"ಅವಳು ತಿರುಗಿಸಿದ್ದಲ್ಲ."

ಹಿಂದೆಯೇ ಬಂದಿದ್ದ ಇಲ್ಕಾನ ಕೈಯಿಂದ ರೊಟ್ಟಿ ಬಿತ್ತು. ರೈಮೋ ಅವನ ಕಡೆ ತಿರುಗಿಯೂ ನೋಡದೆ ತನ್ನ ಒದ್ದೆ ಉಡುಪಿಗೆ ಕಾಲು ತೂರಿಸತೊಡಗಿದ. "ಅವಳ ಗಾಳಿ ಇಷ್ಟೊತ್ತಿಗೆ ಮುಗಿದಿರತ್ತೆ," ಎಂದು ತನ್ನಷ್ಟಕ್ಕೆ ಹೇಳಿಕೊಂಡ. ನಾನು ದಕ್ಕೆಯ ತುದಿಗೆ ಓಡಿ ಅವಳ ಹೆಸರು ಹಿಡಿದು ಕೂಗಿದೆ. ಎರಡನೆಯ ಕೂಗಿಗೆ ಜೊಂಡಿನ ಕೊಲ್ಲಿಯ ಕಡೆಯಿಂದ ಏನೋ ಕೇಳಿಸಿತು. ಅದು ಮಾತಾಗಿರಲಿಲ್ಲ, ಕರು ಕೂಗಿದ ಹಾಗಿತ್ತು.

ಸೌನಾದಿಂದ ಅಣ್ಣತಮ್ಮಂದಿರು ಇದ್ದ ಹಾಗೇ ಹೊರಬಿದ್ದರು. ಸೊಂಟಕ್ಕೊಂದು ಟವೆಲ್, ಮೈಯಿಂದ ಹಬೆ ಏಳುತ್ತಿತ್ತು. ದಡದಲ್ಲಿದ್ದ ಸಣ್ಣ ದೋಣಿ ತಳ್ಳಿ, ಹುಟ್ಟಿನಿಂದ ಮಂಜುಗಡ್ಡೆ ಒಡೆಯುತ್ತಾ ಕೊಲ್ಲಿಗೆ ನುಗ್ಗಿದರು. ವೆನ್ಲಾ ಗಡ್ಡೆಯ ಅಂಚಿಗೆ ಮೊಣಕೈ ಊರಿ ನೇತಾಡುತ್ತಿದ್ದಳು. ಹತ್ತಿದರೆ ಒಡೆಯುವಷ್ಟು ತೆಳು, ಈಜಿ ದಾಟಲಾರದಷ್ಟು ದಪ್ಪ ಆ ಗಡ್ಡೆ. ಅವಳು ಒಡೆದುಕೊಂಡು ಬಂದ ದಾರಿ ಅವಳ ಹಿಂದೆ ಉದ್ದಕ್ಕೆ ಕಾಣುತ್ತಿತ್ತು. ದೋಣಿಗೆ ಎಳೆದುಕೊಂಡಾಗ ಅವಳ ಒಂದು ಕೈಯ ಹರಿದ ಪಟ್ಟಿಯಿಂದ ನೀರು ಸುರಿಯಿತು. ಹನಿ ನೀರೂ ನುಸುಳಬಾರದ ಉಡುಪಿನೊಳಗೆ ಸೊಂಟದವರೆಗೂ ಸರೋವರವೇ ತುಂಬಿತ್ತು.

"ಸೌನಾಕ್ಕೆ ಹಾಕೋಣ, ನಡೀರಿ," ಎಂದ ಇಲ್ಕಾ, ಅವಳನ್ನು ಎತ್ತಿಕೊಳ್ಳಲು ಮುಂದೆ ಬರುತ್ತಾ.

"ಮುಟ್ಟಬೇಡ," ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಇಷ್ಟು ತಣ್ಣಗಾದ ಮೈಯನ್ನ ಒಂದೇ ಸಲಕ್ಕೆ ಅಷ್ಟು ಶಾಖಕ್ಕೆ ಒಯ್ದರೆ ಎದೆ ನಿಂತುಹೋಗತ್ತೆ. ಮಲಗಿಸಿಕೊಂಡೇ ಎತ್ತಿ, ಕಾರಿಗೆ ಒಯ್ಯಿರಿ. ಒದ್ದೆ ಬಟ್ಟೆ ಕತ್ತರಿಸಿ ತೆಗೀರಿ. ಕೈಕಾಲು ಉಜ್ಜಬೇಡಿ."

ಎಲ್ಲರೂ ಹೇಳಿದ ಹಾಗೆ ಮಾಡಿದರು. ಓಯಿವಾ ಆಂಬುಲೆನ್ಸಿಗೆ ಫೋನ್ ಮಾಡಿದ. ಪಟ್ಟಣದಿಂದ ಬರಲು ನಲವತ್ತು ನಿಮಿಷ ಎಂದರು. ರೈಮೋನ ಕಾರಿನ ಹಿಂದಿನ ಸೀಟಿನಲ್ಲಿ ಅವಳನ್ನು ಮಲಗಿಸಿ, ಇದ್ದಬದ್ದ ಕಂಬಳಿಯೆಲ್ಲ ಹೊದಿಸಿ, ಬಿಸಿಗಾಳಿ ಬಿಟ್ಟೆವು. ಕಾಲು ಗಂಟೆಯಾದ ಮೇಲೆ ಅವಳ ಹಲ್ಲು ಕಟಕಟ ಎನ್ನತೊಡಗಿತು. ರೈಮೋ ಅದನ್ನು ಕೇಳಿ ಕಾರಿನ ಚಕ್ರದ ಪಕ್ಕ ಹಿಮದ ಮೇಲೆಯೇ ಕೂತುಬಿಟ್ಟ. "ನಡುಗ್ತಿದಾಳೆ. ನಡುಗಿದ್ರೆ ಬದುಕ್ತಾಳೆ," ಎಂದ.

ಇಲ್ಕಾ ಅಳುತ್ತಿದ್ದ. ಅಳುತ್ತಲೇ ನನ್ನ ಹೆಗಲ ಮೇಲೆ ತನ್ನ ಕೋಟು ಹೊದಿಸಲು ಬಂದ. ನಾನು ಅದನ್ನು ತೆಗೆದು ಅವನ ಕಾಲ ಬಳಿ ಹಾಕಿದೆ.

"ಟೀಚರ್, ನಾನು ಒಳ್ಳೇದಕ್ಕೇ ಮಾಡಿದ್ದು. ಅವಳಿಗೆ ಸುಲಭ ಆಗ್ಲಿ ಅಂತ."

"ಗೊತ್ತು. ದಡದ ಮೇಲೆ ಗುಂಡಿ ಒತ್ತಿದ್ದೂ ಒಳ್ಳೇದಕ್ಕೇ. ನಿನ್ನ ಒಳ್ಳೇತನಕ್ಕೆ ಇನ್ನೊಬ್ಬರ ಜೀವ ಯಾಕೋ ಬೇಕು? ಅವಳನ್ನ ಕಣ್ಣಾರೆ ನೋಡಿದ್ಯಾ? ನೀನು ನೋಡಿದ್ದು ಗುಳ್ಳೆ. ಅದು ರೈಮೋನ ಗುಳ್ಳೆ. ಅರ್ಧ ಗಂಟೆ ಆದ್ಮೇಲೂ ಅವಳೆಲ್ಲಿ ಅಂತ ನಿಂಗೆ ಅನ್ನಿಸ್ಲಿಲ್ಲ. ಬೆಣ್ಣೆ ಹಚ್ತಾ ಕೂತಿದ್ದೆ."

"ಅವಳ ಪಾಲಿಗೂ ಹಚ್ತಿದ್ದೆ," ಎಂದ ಅವನು, ಮಗುವಿನ ಹಾಗೆ. ಅದು ನಿಜವೆಂದು ನನಗೆ ಗೊತ್ತಿತ್ತು. ಅದಕ್ಕೇ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಮೂವತ್ತೈದು ವರ್ಷ ಪಾಠ ಮಾಡಿದರೂ ಯಾವ ಮಗುವಿನ ಮೇಲೂ ನನಗೆ ಹಾಗೆ ಕೈ ಎತ್ತಬೇಕೆನ್ನಿಸಿರಲಿಲ್ಲ.

ರೈಮೋ ಎದ್ದು ನಡುವೆ ಬಂದ. "ಬಿಡಿ ಟೀಚರ್, ಈಗ ಬೇಡ. ಹುಡುಗ ಕೆಟ್ಟವನಲ್ಲ. ವರದಿ ಬರಿಬೇಕಲ್ಲ, ಜೋಡಿ ತಪ್ಪಿಹೋದ್ರು, ಸಿಕ್ಕಿದ್ರು ಅಂತ ಬರೆಯೋಣ. ಬಿಲ್ಲೆ ವಿಷಯ ನಮ್ಮಲ್ಲೇ ಇರ್ಲಿ."

"ಯಾರಿಗೋಸ್ಕರ ನಮ್ಮಲ್ಲೇ ಇರ್ಬೇಕು?"

"ನಿಮಗೋಸ್ಕರಾನೇ ಅನ್ಕೊಳ್ಳಿ. ಹಲಗೆ ನಿಮ್ಮದು. ಅವನು ತಿರುಗಿಸಿದ್ದು ನೀವು ನೋಡ್ಲಿಲ್ಲ, ಅಲ್ವಾ? ಸೂಪಿನ ಹತ್ರ ಇದ್ರಿ."

ಎಷ್ಟು ಮೆತ್ತಗೆ ಹೇಳಿದ. ನನಗೆ ಬಚ್ಚಿಟ್ಟುಕೊಳ್ಳಲು ಒಂದು ಜಾಗ ಮಾಡಿಕೊಟ್ಟಿದ್ದ, ವಯಸ್ಸಾದವಳೆಂದು, ಸ್ನೇಹಕ್ಕೆಂದು. ಇಲ್ಕಾ ಕೂಡ ತಲೆ ತಗ್ಗಿಸಿದನೇ ಹೊರತು, ಟೀಚರ್ ಎದುರಿಗೇ ಇದ್ದರು ಎಂದು ಬಾಯಿ ಬಿಡಲಿಲ್ಲ. ಎಲ್ಲರೂ ಎಲ್ಲರಿಗೂ ಉಪಕಾರ ಮಾಡುತ್ತಿದ್ದರು. ಗಾಜಿನ ಆಚೆ ಆ ಹುಡುಗಿ ನಡುಗುತ್ತಿದ್ದಳು.

"ನೋಡಿದೆ," ಎಂದೆ. "ಪಕ್ಕದಲ್ಲೇ ನಿಂತಿದ್ದೆ. ಹಾಗೇ ಬರಿ. ನೀನು ಬರೀದಿದ್ರೆ ನಾನು ಬರೀತೀನಿ."

ಹೇಳಿದ್ದಕ್ಕೆ ಕೋಪ ಇಳಿಯಲಿಲ್ಲ. ಅದು ಈಗ ಇಲ್ಕಾನ ಮೇಲಷ್ಟೇ ಇರಲಿಲ್ಲ. ನಾನು ಕಾರಿನ ಹಿಂಬಾಗಿಲು ತೆರೆದು ಒಳಗೆ ಬಾಗಿದೆ. ವೆನ್ಲಾ ಕಣ್ಣು ಬಿಟ್ಟಿದ್ದಳು.

"ಇಲ್ಕಾ?" ಎಂದಳು. "ಇಲ್ಕಾ ಸಿಕ್ಕಿದ್ನಾ?"

"ಅವನು ಆರಾಮಾಗಿದಾನೆ. ನಿನಗಿಂತ ಮುಂಚೇನೇ ಮೇಲೆ ಬಂದಿದ್ದ."

"ಎಲ್ಲಾ ಗುಳ್ಳೆ ಗುಳ್ಳೆ ಆಗೋಯ್ತು, ಏನೂ ಕಾಣ್ಲಿಲ್ಲ. ಉಗಿದೋಣಿ ಕೆಳಗೆ ಸಿಕ್ಕಾಕ್ಕೊಂಡ ಅನ್ಕೊಂಡೆ. ಒಂದು ನಿಮಿಷ ಹುಡುಕಿ ಮೇಲೆ ಬರ್ಬೇಕು ಅಂತ ಗೊತ್ತು. ಬಿಟ್ಟು ಹೇಗೆ ಬರ್ಲಿ? ಗಾಳಿ ಮುಗಿಯೋವರೆಗೂ ಹುಡುಕ್ದೆ. ಹಗ್ಗ ಸಿಗ್ಲಿಲ್ಲ. ಮೇಲೆ ಬಂದ್ರೆ ಜೊಂಡು." ಮಾತು ಹಲ್ಲಿನ ನಡುವೆ ತುಂಡಾಗಿ ಬರುತ್ತಿತ್ತು. "ಸೌನಾದ ಹೊಗೆ ಕಾಣ್ತಿತ್ತು. ನೀವೆಲ್ಲಾ ನಗ್ತಿದ್ದಿದ್ದು ಕೇಳಿಸ್ತಿತ್ತು. ಹುಡುಕ್ತಿರೋರು ಹಾಗೆ ನಗಲ್ವಲ್ಲ. ಯಾಕೆ ಹುಡುಕ್ಲಿಲ್ಲ?"

"ನಿನ್ನ ಬಿಲ್ಲೆ ಬಿಳಿ ಇತ್ತು. ಇಲ್ಕಾ ತಿರುಗಿಸಿದ."

"ನೀವು?"

"ನಾನು ನೋಡ್ತಾ ನಿಂತಿದ್ದೆ. ಬೇಡ ಅನ್ನಲಿಲ್ಲ. ನಕ್ಕೆ."

ಅವಳು ಬೈಯುತ್ತಾಳೆಂದು ಕಾದೆ. ಅವಳ ಕೋಪಕ್ಕೆ ನನ್ನ ಕೋಪವನ್ನೂ ಸೇರಿಸಿ ಹೊರಲು ಸಿದ್ಧಳಿದ್ದೆ. ಅವಳು ಬೈಯಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. ನನ್ನ ಮುಖವನ್ನು, ಹೊಸಬಳನ್ನು ನೋಡುವ ಹಾಗೆ, ಒಮ್ಮೆ ಪೂರ್ತಿ ನೋಡಿ ಸೀಟಿನ ಕಡೆಗೆ ಹೊರಳಿದಳು.

"ಬಾಗಿಲು ಹಾಕಿ, ಚಳಿ ಬರ್ತಿದೆ," ಎಂದಳು. "ಹೊರಗಿನಿಂದ."

ನಾನು ಹೊರಗಿನಿಂದಲೇ ಹಾಕಿದೆ.