ಬೇವಿನ ಗಿಡದ ಹತ್ತಿರ ನಿಂತ ಕುದುರೆ

ಸಣ್ಣ ಓಟ ಮುಗಿಸಿದ ಕುದುರೆಗಷ್ಟೇ ಉದ್ದದ ಓಟಕ್ಕೆ ಪ್ರವೇಶ. ಅರ್ಧ ದಾರಿಯಲ್ಲಿ ನಿಲ್ಲಿಸಿ, ಉಸಿರು ಹದಕ್ಕೆ ಬರುವವರೆಗೆ ಮುಂದೆ ಬಿಡುವುದಿಲ್ಲ. ಸವಾರನ ಹೊರತು ಯಾರೂ ಕುದುರೆಯನ್ನು ಮುಟ್ಟುವಂತಿಲ್ಲ. ಇವೆಲ್ಲ ನಾನು ಮಾಡಿದ ನಿಯಮಗಳು. ಎಂಬತ್ತಮೂರರ ಓಟದಲ್ಲಿ ಎಳೆಯ ಕುದುರೆಯೊಂದನ್ನು ಓಡಿಸಿ ಓಡಿಸಿ ಕೆಡವಿದ್ದು ನೋಡಿ ನನ್ನ ತಲೆ ಕೆಟ್ಟಿತ್ತು. ‘ಶಂಕ್ರಪ್ಪನ ಕಾಯ್ದೆ’ ಎಂದು ಜನ ನಕ್ಕರು. ನಗಲಿ ಬಿಡಿ.

ಎಂಬತ್ತನಾಲ್ಕರಲ್ಲಿ ನವಲಗುಂದದಿಂದ ಅಣ್ಣಿಗೇರಿಗೆ ಓಟವಿತ್ತು. ಗೆದ್ದ ಕುದುರೆಗೆ ವರ್ಷಕ್ಕಾಗುವಷ್ಟು ಹುಲ್ಲು, ಹುರುಳಿ. ಅದೇ ದಾರಿಯಲ್ಲಿ ಟಾಂಗಾ ಹೊಡೆಯುವ ಬಾಷಾಸಾಬ ತನ್ನ ಚಾಂದನಿಯನ್ನು ಓಟಕ್ಕೆ ತಂದಿದ್ದ. ಟೆಂಪೊ ಬಂದ ಮೇಲೆ ಟಾಂಗಾ ಹತ್ತುವವರಿರಲಿಲ್ಲ. ಗೆಲ್ಲದಿದ್ದರೆ ಕುದುರೆ ಮಾರಬೇಕು ಎಂದು ನನ್ನೆದುರೇ ಹೇಳಿದ್ದ.

ಅಣ್ಣಿಗೇರಿ ಇನ್ನೇನು ಬಂತು ಎನ್ನುವಲ್ಲಿ, ನಮ್ಮ ಹೊಲದ ಬೇವಿನ ಗಿಡದ ಕೆಳಗೆ ನಾನು ಕಾವಲಿಗಿದ್ದೆ. ಯಾರೂ ಅಡ್ಡ ಹಾಯ್ದು ದೂರ ಕಡಿಮೆ ಮಾಡಿಕೊಳ್ಳಬಾರದಲ್ಲ. ಮೊದಲು ಕಂಡದ್ದು ಚಾಂದನಿಯೇ. ನನಗೂ ಒಳಗೊಳಗೇ ಖುಷಿಯಾಯಿತು.

ಗಿಡದ ಹತ್ತಿರ ಬಂದದ್ದೇ ಅದು ನಿಂತುಬಿಟ್ಟಿತು. ಬಾಷಾಸಾಬ ಹಿಮ್ಮಡಿ ತಾಗಿಸಿದರೂ ಕದಲಲಿಲ್ಲ. ನಮ್ಮ ಮನೆಯ ಕಾಲುದಾರಿಯನ್ನೇ ನೋಡುತ್ತಿತ್ತು.

“ಕಾಲಾಗ ಕಲ್ಲು ಸಿಕ್ಕೈತೇನು ನೋಡೋ,” ಎಂದೆ.

“ಕಲ್ಲಲ್ರಿ ಶಂಕ್ರಪ್ಪಾರ.” ಅವನ ದನಿ ಇಳಿದಿತ್ತು. “ನಿಮ್ಮವ್ವಾರ ದಾರಿ ಕಾಯಾಕ್ಹತ್ತೈತಿ. ಗುಡಿಗೆ ಹೋಗಾಕ ಮಲ್ಲಕ್ಕಾರು ದಿನಾ ಇಲ್ಲೇ ಹತ್ತತಿದ್ರು. ಮೊದಲ ಇದಕ್ಕ ಬೆಲ್ಲ ಕೊಡೂದು, ಆಮ್ಯಾಲೆ ಟಾಂಗಾ ಏರೂದು. ಈಗೂ ದಿನಾ ಇಲ್ಲಿ ನಿಂದರತೈತಿ. ಟಾಂಗಾ ಕಟ್ಟದಿದ್ರ ನಿಂದರೂದಿಲ್ಲ ಅಂದಕೊಂಡಿದ್ದೆ.”

ಅವ್ವ ತೀರಿಕೊಂಡು ಇನ್ನೂ ವರ್ಷವಾಗಿರಲಿಲ್ಲ. ಹಿಂದಿನಿಂದ ಗೊರಸಿನ ಸದ್ದು ಹತ್ತಿರವಾಗುತ್ತಿತ್ತು. ಲಗಾಮು ಹಿಡಿದು ಎಳೆಯಲೆಂದು ಕೈ ಚಾಚಿದೆ.

“ಮುಟ್ಟಬ್ಯಾಡ್ರಿ. ನಿಮ್ಮದ ಕಾಯ್ದೆ ಐತಿ,” ಎಂದ ಬಾಷಾಸಾಬ. ಬಗ್ಗಿ ಕುದುರೆಯ ಕತ್ತು ಸವರಿದ. “ಮಲ್ಲಕ್ಕಾರು ಇನ್ನ ಬರೂದಿಲ್ಲ ಬೇಟಿ. ನಡಿ, ಹೋಗೂಣು.”

ಅಷ್ಟರಲ್ಲಿ ಸಂಶಿ ಊರಿನವರ ಕೆಂಪು ಕುದುರೆ ನಮ್ಮನ್ನು ದಾಟಿ ಹೋಯಿತು. ಚಾಂದನಿ ಹೊರಟದ್ದು ಆಮೇಲೆ. ಎರಡನೆಯದಾಗಿ ಬಂತು. ಎರಡನೆಯವರಿಗೆ ಏನೂ ಇಟ್ಟಿರಲಿಲ್ಲ.

ಸಂಜೆ ಬಾಷಾಸಾಬ ಕುದುರೆಯ ಮೈ ಒರೆಸುತ್ತಿದ್ದ. “ನಾಳೆ ದಲ್ಲಾಳಿ ಬರತಾನ್ರಿ,” ಎಂದ.

ನನಗೆ ಸಿಟ್ಟೇ ಬಂತು. “ಬಂದ್ರ ಹೊಳ್ಳಿ ಕಳಸು. ಇದರ ಹುಲ್ಲು, ಹುರುಳಿ ದಿನಾ ಆ ಗಿಡದ ಕೆಳಗ ಇಟ್ಟಿರತೀನಿ. ಹೆಂಗೂ ಅಲ್ಲಿ ನಿಂದರತೈತಿ.”

“ಎಲ್ಲೀತನಕ್ರಿ?”

“ಅದು ನಿಂದರೂತನಕ.”

ಮರುದಿನ ಮುಂಜಾನೆ ಹುಲ್ಲಿನ ಹೊರೆ ಇಳಿಸಿ, ಕೈಯಲ್ಲಿ ಬೆಲ್ಲ ಹಿಡಿದು ನಿಂತೆ. ಟಾಂಗಾ ಬಂತು, ನಿಂತಿತು. ಚಾಂದನಿ ಮೊದಲು ನನ್ನ ಹಿಂದಿನ ಕಾಲುದಾರಿಯನ್ನು ತುಸು ಹೊತ್ತು ನೋಡಿತು. ಆಮೇಲೆ ನನ್ನ ಕೈಗೆ ಬಾಯಿ ಹಾಕಿತು.