ಪೆಡಲಿಗೊಂದು ಕಾಲು

ಕಾಲು ತೆಗೆದಾಗಲೇ ಆ ಸದ್ದು. ಆಕ್ಸಿಲರೇಟರ್ ಒತ್ತಿದರೆ ನನ್ನ ಹಳೇ ಕಾರು ಹಸುವಿನಷ್ಟು ಸಾಧು. ಬಿಟ್ಟೊಡನೆ ಒಳಗಿನಿಂದ ಕಟಕಟ ಹಲ್ಲು ಕಡಿಯುತ್ತದೆ. ಮೆಕ್ಯಾನಿಕ್ ಬಾಗಿಲಿಗೆ ಒರಗಿಕೊಂಡೇ, "ಎಂಜಿನ್ ಇಳಿಸ್ಬೇಕು ಸಾರ್. ಅದರ ಬದಲು ಗುಜರಿಗೆ ಹಾಕೋದೇ ವಾಸಿ" ಅಂದ. ಬಗ್ಗಿ ನೋಡುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ ಪುಣ್ಯಾತ್ಮ. ಚೆನ್ನಾಗಿ ಝಾಡಿಸಿ ಗಾಡಿ ವಾಪಸ್ ತಂದೆ.

ಗುಜರಿ ಅನ್ನುವ ಮಾತು ಕೇಳಿದರೇ ನನಗೆ ಮೈಯುರಿ. ಹೆಂಡತಿ ಸತ್ತ ಹೊಸದರಲ್ಲಿ, ಮಹಡಿ ಮೇಲಿನ ಮನೆಯಲ್ಲಿರುವ ನನ್ನ ತಮ್ಮನೂ ಅದನ್ನೇ ಅಂದಿದ್ದ: "ಅತ್ತಿಗೇನೇ ಇಲ್ಲ, ಇನ್ಯಾರನ್ನ ಕೂರಿಸ್ಕೊಂಡು ಓಡಾಡ್ತೀಯಣ್ಣ? ಗುಜರಿಗೆ ಹಾಕು." ಒಳ್ಳೆಯದಕ್ಕೇ ಅಂದನೋ ಏನೋ. ಇನ್ನು ನನ್ನ ಹೊಸ್ತಿಲು ತುಳಿಯಬೇಡ ಅಂದೆ. ತುಳಿಯಲಿಲ್ಲ, ಹಟದಲ್ಲಿ ನನ್ನ ತಮ್ಮನೇ ತಾನೆ. ಅಂದಿನಿಂದ ಮೆಟ್ಟಿಲಲ್ಲಿ ಎದುರಾದರೆ ಇಬ್ಬರೂ ಗೋಡೆ ನೋಡುತ್ತೇವೆ. ಕೆಲವು ದಿನ ಸಂಜೆಯಾದರೂ ನನ್ನ ಬಾಯಿಂದ ಒಂದು ಮಾತೂ ಹೊರಟಿರುವುದಿಲ್ಲ. ಒಂಟಿತನ ಅಂದರೆ ಇದೇ. ಬೇರೆ ಹೆಸರಿಟ್ಟು ಪ್ರಯೋಜನವಿಲ್ಲ.

ನಾನೇ ಹುಡುಕುತ್ತೇನೆಂದು ಮನೆ ಮುಂದೆ ಬಾನೆಟ್ ಎತ್ತಿದೆ. ಕಷ್ಟ ಆಗ ಗೊತ್ತಾಯಿತು. ಪೆಡಲ್ ಒಳಗೆ, ಸದ್ದು ಹೊರಗೆ. ಪೆಡಲ್ ಮೇಲೆ ಇಟ್ಟಿಗೆ ಇಟ್ಟೆ. ಇಟ್ಟಿಗೆಗೆ ಒತ್ತುವುದು ಗೊತ್ತು, ಬಿಡುವುದು ಗೊತ್ತಿಲ್ಲ. ಪೆಡಲಿನಿಂದ ಎಂಜಿನ್ನಿಗೆ ಬರುವ ವೈರನ್ನೇ ಕೈಯಲ್ಲಿ ಎಳೆದು, ಬಿಟ್ಟು ನೋಡಿದೆ. ಅದು ಈ ಮಗ್ಗುಲಿಗೆ, ಸದ್ದು ಆ ಮಗ್ಗುಲಿಗೆ. ಒಂದು ಕಾಲು ಬೇಕಿತ್ತು, ಇನ್ನೊಬ್ಬರದು. ಯಾರನ್ನು ಕರೆಯಲಿ ಎಂದು ಯೋಚಿಸಿದರೆ ಒಬ್ಬರೂ ಹೊಳೆಯಲಿಲ್ಲ.

ತಲೆ ಎತ್ತಿದೆ. ಮೇಲಿನ ಕಿಟಕಿಯಲ್ಲಿ ತಮ್ಮ ನಿಂತಿದ್ದ, ಎಷ್ಟು ಹೊತ್ತಿನಿಂದಲೋ.

"ಏನ್ ನೋಡ್ತಾ ನಿಂತಿದ್ದೀಯ? ಬಂದು ಪೆಡಲ್ ಒತ್ತು!" ಅಂದೆ. ಬೈಗುಳದ ದನಿಯಲ್ಲೇ ಬಂತು.

ಇಳಿದು ಬಂದ. ಇಟ್ಟಿಗೆ ತೆಗೆದು ಹೊರಗಿಟ್ಟು, ಸೀಟಿನಲ್ಲಿ ಕೂತ. ನಡುವೆ ಎತ್ತಿದ ಬಾನೆಟ್, ಒಬ್ಬರ ಮುಖ ಒಬ್ಬರಿಗೆ ಕಾಣದು. ಹಾಗಾಗಿ ಮಾತು ಸಲೀಸಾಯಿತು.

"ಒತ್ತು."

ಒತ್ತಿದ.

"ಬಿಡು."

ಕಟಕಟ.

ಸ್ವಲ್ಪ ಹೊತ್ತಿಗೆ ಸಿಕ್ಕಿಬಿಟ್ಟಿತು. ಎಂಜಿನ್ನಿನ ಸದ್ದೇ ಅಲ್ಲ. ಹೊಗೆ ಹೋಗುವ ಬಿಸಿ ಪೈಪಿಗೆ ಮುಚ್ಚಿದ್ದ ತಗಡು, ನಟ್ ಸಡಿಲವಾಗಿ ಅಲ್ಲಾಡುತ್ತಿತ್ತು. ಸ್ಪ್ಯಾನರ್ ಹಾಕಿ ತಿರುಗಿಸಿದರೆ ಮುಗಿಯಿತು. ಖಾತ್ರಿಗೆಂದು ಸ್ಕ್ರೂಡ್ರೈವರಿನಿಂದ ತಗಡನ್ನು ಅದುಮಿ ಹಿಡಿದೆ.

"ಸಿಕ್ತಾ ಅಣ್ಣ?"

ಅಣ್ಣ ಅಂದ, ಎಷ್ಟೋ ದಿನದ ಮೇಲೆ. ಸಿಕ್ಕಿತು ಅಂದರೆ ಎದ್ದು ಹೊರಟುಹೋಗುತ್ತಾನೆ.

"ಎಲ್ಲಿ ಸಿಕ್ತು? ಇನ್ನೊಂದ್ಸಲ ಒತ್ತು."

ಒತ್ತಿದ, ಬಿಟ್ಟ. ತಗಡು ನನ್ನ ಹಿಡಿತದಲ್ಲಿ ಗಪ್‌ಚಿಪ್. ಅಯ್ಯೋ, ಸದ್ದು ನಿಂತದ್ದು ಅವನಿಗೂ ಕೇಳಿಸುತ್ತದಲ್ಲ! ನನ್ನ ಬೇಳೆ ಬೇಯಲಿಲ್ಲ ಅಂದುಕೊಂಡು, ಕಾರಿನ ಬಾಗಿಲು ತೆರೆಯುವುದನ್ನೇ ಕಾಯುತ್ತ ನಿಂತೆ.

"ಇನ್ನೂ ಹಾಗೇ ಇದೆ ಅಲ್ವಾ?" ಅಂದ ಒಳಗಿನಿಂದ. "ನಿಧಾನವಾಗಿ ಹುಡುಕು. ನಂಗೇನೂ ಕೆಲ್ಸ ಇಲ್ಲ."

ಅಂದು, ನಾನು ಹೇಳದೆಯೇ ಮತ್ತೆ ಒತ್ತಿದ.