ಶತ್ರುವಿಗೊಂದು ಮುಖ ಬೇಕಾಗಿತ್ತು

ಲಾಸ್ ಏಂಜಲಿಸ್‌ನ ಆ ಕಾರ್ಟೂನ್ ಸ್ಟುಡಿಯೋದಲ್ಲಿ ಗಂಡಸರು ಮಹಡಿಯಲ್ಲಿ ಕೂತು ಚಿತ್ರ ಬರೆಯುತ್ತಿದ್ದರು, ಹೆಂಗಸರು ಕೆಳಗೆ ಕೂತು ಬಣ್ಣ ತುಂಬುತ್ತಿದ್ದರು. ಕೆಳಗಿನವರನ್ನು ಮೇಲೆ ಕರೆಯುವ ಪದ್ಧತಿಯೇ ಇರಲಿಲ್ಲ. ಹಾಗಾಗಿ ನಿರ್ದೇಶಕ ಪ್ರುಯಿಟ್ ಹೇಳಿಕಳಿಸಿದಾಗ, ಸಂಬಳ ಹೆಚ್ಚೀತೆಂದು ವಿನ್ನಿ ಕ್ವಾನ್‌ಳ ಆಸೆ ಗರಿಗೆದರಿತು.

ಕಾದಿದ್ದದ್ದು ಬೇರೆ. ಜಪಾನಿನ ಮೇಲೆ ಯುದ್ಧಕ್ಕಿಳಿದಿದ್ದ ಅಮೆರಿಕ ಸರ್ಕಾರ ಯುದ್ಧದ ಕಾರ್ಟೂನು ಕೇಳಿತ್ತು. ಜನ ಜಪಾನಿಯರನ್ನು ನೋಡಿ ನಗಬೇಕು, ನಗುತ್ತಲೇ ಯುದ್ಧದ ಖರ್ಚಿಗೆಂದು ಸರ್ಕಾರ ಮಾರುವ ಬಾಂಡು ಕೊಳ್ಳಬೇಕು.

"ಬಾಮ್ಮ, ಕೂತ್ಕೊ. ಕಣ್ಣು ಕಿರಿದು ಮಾಡು, ಹಲ್ಲು ಮುಂದಕ್ಕೆ ತಗೊಂಬಾ. ಹುಡುಗ್ರು ನೋಡಿ ಬರ್ಕೋತಾರೆ" ಎಂದ ಪ್ರುಯಿಟ್.

ಚಿತ್ರಗಾರರ ಮೇಜಿನ ಮೇಲೆಲ್ಲ ಕನ್ನಡಿಗಳಿದ್ದವು. ಕತ್ತೆಯಿರಲಿ, ಕರಡಿಯಿರಲಿ, ತಾವೇ ಮೂತಿ ತಿರುವಿ ನೋಡಿಕೊಂಡು ಬರೆಯುವವರು ಅವರು.

"ನಿಮ್ಮ ಕನ್ನಡಿಗೇನಾಯ್ತು, ಸರ್?"

"ಅದು ನಮ್ಮ ಮುಖದಲ್ಲಿ ಬರಲ್ಲ ಕಣೆ."

"ನಾನು ಚೀನೀಯಳು."

"ಗೊತ್ತು. ಅವರು ನಿಮ್ಮೂರಿಗೆ ಬಾಂಬು ಹಾಕ್ಲಿಲ್ವಾ? ನಿಂಗೂ ಸಿಟ್ಟಿರ್ಬೇಕಲ್ಲ?"

ಸಿಟ್ಟಿತ್ತು. ಚೀನಾದ ಕ್ಯಾಂಟನ್ನಿನಲ್ಲಿ ಅವಳ ಚಿಕ್ಕಪ್ಪನ ಸಂಸಾರವೇ ಮಣ್ಣಡಿ ಸೇರಿತ್ತು. ಆದರೆ ಈ ಮುಖ ತೆರೆಗೆ ಬಂದ ಮಾರನೆಯ ದಿನ ಬೀದಿಯಲ್ಲಿ ಉಗಿಸಿಕೊಳ್ಳುವವನು ಜಪಾನಿನ ದಂಡನಾಯಕನಲ್ಲ, ಲಾಂಡ್ರಿ ನಡೆಸುವ ಅವಳ ಅಪ್ಪ. 'ನಾನು ಚೀನೀಯ' ಎಂಬ ಬಿಲ್ಲೆ ಎದೆಯ ಮೇಲಿದ್ದರೂ ಮೊನ್ನೆ ಟ್ರಾಮಿನಲ್ಲಿ ಅವನ ಟೋಪಿ ಕಿತ್ತೆಸೆದಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವಳ ಪಕ್ಕದಲ್ಲೇ ಕೂತು ಬಣ್ಣ ಹಚ್ಚುತ್ತಿದ್ದ ಫೂಮಿಯಂತೂ ಇದೇ ಊರಲ್ಲಿ ಹುಟ್ಟಿದವಳು. ಜಪಾನಿನ ಮುಖವೊಂದೇ ತಪ್ಪಾಗಿ, ಈಗ ಮರುಭೂಮಿಯಲ್ಲಿ ಸರ್ಕಾರ ಜಪಾನಿ ಮೂಲದವರನ್ನು ಕೂಡಿಹಾಕಿದ ಶಿಬಿರದ ತಂತಿಬೇಲಿಯೊಳಗಿದ್ದಳು.

"ಬಾಂಬು ಹಾಕಿದೋನಿಗೆ ಉಬ್ಬುಹಲ್ಲಿತ್ತು ಅಂತ ಯಾರು ಕಂಡ್ರು, ಸರ್? ಬಾಂಬನ್ನ ಬರೀರಿ. ಹಲ್ಲು ಯಾಕೆ?"

ಪ್ರುಯಿಟ್‌ನ ಹುಬ್ಬು ಗಂಟಿಕ್ಕಿತು. ಸಿಟ್ಟು ಬಂದಾಗಲೆಲ್ಲ ಮಾಡುವಂತೆ ಮೇಲ್ಹಲ್ಲಿನಿಂದ ಕೆಳದುಟಿ ಕಚ್ಚಿ, ಕತ್ತು ಮುಂದೆ ಚಾಚಿದ. "ಬಣ್ಣ ಬಳಿಯೋಳು ನಂಗೆ ಪಾಠ ಹೇಳ್ತೀಯಾ? ಮುಖ ಮಾಡ್ತೀಯೋ, ಕೆಲ್ಸ ಬಿಡ್ತೀಯೋ?"

ಈ ಕೆಲಸ ಹೋದರೆ ಅವಳಂಥವಳನ್ನು ಇನ್ನೊಂದು ಸ್ಟುಡಿಯೋ ಹತ್ತಿರ ಸೇರಿಸುತ್ತಿರಲಿಲ್ಲ. ಆದರೂ ಹೊಟ್ಟೆಪಾಡಿಗೆ ಅಪ್ಪನ ಮುಖ ಮಾರಲಾದೀತೇ?

ವಿನ್ನಿ ಕುರ್ಚಿಯಲ್ಲಿ ಕೂತಳು. ಹುಬ್ಬು ಗಂಟಿಕ್ಕಿದಳು, ಕೆಳದುಟಿ ಕಚ್ಚಿದಳು, ಕತ್ತು ಮುಂದೆ ಚಾಚಿದಳು. ಊಟದ ಹೊತ್ತಿನಲ್ಲಿ ಕೆಳಗಿನ ಹೆಂಗಸರನ್ನು ನಗಿಸಲು ನೂರು ಸಲ ಮಾಡಿ ಪಳಗಿದ್ದ ಮುಖ ಅದು. ಮುದುಕ ಚಿತ್ರಗಾರ ಗಸ್‌ನ ಪೆನ್ಸಿಲು ತಾನಾಗಿಯೇ ಓಡತೊಡಗಿತು. ಕಣ್ಣೆದುರಿಗಿದ್ದದ್ದನ್ನು ಬರೆಯದೆ ಬಿಡುವ ಕೈಯಲ್ಲ ಅವನದು. ಅವನ ಹಿಂದೆ ನಿಂತವನೊಬ್ಬ ಹಾಳೆ ನೋಡಿ ಕೆಮ್ಮಿದ. ಇನ್ನೊಬ್ಬನಿಗೆ ಕೆಮ್ಮಿನಲ್ಲಿ ಮುಚ್ಚಲಾಗದೆ ನಗೆ ಸಿಡಿಯಿತು, ಆಮೇಲೆ ಕೋಣೆಗೆ ಕೋಣೆಯೇ ನಕ್ಕಿತು.

ಪ್ರುಯಿಟ್ ಹಾಳೆ ಕಿತ್ತುಕೊಂಡು ನೋಡಿದ. ಅವನ ಕಿವಿ ಕೆಂಪಗಾಯಿತು.

"ಯಾರೇ ಇದು?"

ವಿನ್ನಿ ಬಣ್ಣದ ಕಲೆಯ ಏಪ್ರನ್ ಬಿಚ್ಚಿ ಅವನ ಮೇಜಿನ ಮೇಲಿಟ್ಟಳು.

"ಶತ್ರು, ಸರ್. ನೀವು ಕೇಳಿದ್ದು ಅದನ್ನೇ ಅಲ್ವಾ?"